ಅಂತರಾಗ್ನಿ (ಧ್ವನಿಮುದ್ರಿಕೆ)

ಬೆಂಗಳೂರಿನ ಜಾನಪದ-ರಾಕ್ ತಂಡ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ 2008ರಲ್ಲಿ ಹೊರತಂದ ಮೊದಲ ಸ್ಟುಡಿಯೋ ಆಲ್ಬಂ. ಹಾಡುಗಳಲ್ಲಿ ಹಿಂದಿಯವೂ ಇಂಗ್ಲಿಷಿನವೂ ಇವೆ, ಕನ್ನಡದವು ಎರಡೇ. ಆದರೆ ಕನ್ನಡಿಗರ ನೆನಪಿನಲ್ಲಿ ಆಲ್ಬಂ ಉಳಿದಿರುವುದು ಬಹುಮಟ್ಟಿಗೆ ಆ ಎರಡರಿಂದ.

ರಘು ದೀಕ್ಷಿತ್ ನಾಸಿಕ್‌ನಲ್ಲಿ ಹುಟ್ಟಿ (1974) ಮೈಸೂರಿನಲ್ಲಿ ಬೆಳೆದವರು. ಸೂಕ್ಷ್ಮಜೀವಶಾಸ್ತ್ರದ ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ ಪಡೆದರು. ಭರತನಾಟ್ಯದಲ್ಲಿ ವಿದ್ವತ್ ಮುಗಿಸಿದ್ದರು. ಗಿಟಾರ್ ಹಿಡಿದದ್ದು ಕಾಲೇಜಿನ ದಿನಗಳಲ್ಲಿ, ಸಹಪಾಠಿಯೊಬ್ಬ ಅವರ ನೃತ್ಯವನ್ನು ಗೇಲಿ ಮಾಡಿ ಪಂಥ ಹಾಕಿದ ಮೇಲೆ. ಕೆಲಕಾಲ ಬೆಲ್ಜಿಯಂನಲ್ಲಿ ಉದ್ಯೋಗ ಮಾಡಿ ಮರಳಿದರು. ‘ಅಂತರಾಗ್ನಿ’ ಎಂಬುದು ಅವರು ಮೊದಲು ಕಟ್ಟಿದ ತಂಡದ ಹೆಸರು, ಪಿಟೀಲುವಾದಕ ಎಚ್.ಎನ್. ಭಾಸ್ಕರ್ ಅದರಲ್ಲಿದ್ದರು. ಆ ತಂಡ ಚದುರಿದ ಮೇಲೆ ಹೆಸರು ಆಲ್ಬಮ್ಮಿಗೆ ಬಂತು. ಹೊಸ ತಂಡ ಮಾತ್ರ ಬಾಗಿಲು ತೆರೆದಿಟ್ಟ ಮನೆಯಂತಿತ್ತು: ವಾದ್ಯಗಾರರು ಬರುವರು, ನುಡಿಸುವರು, ಹೋಗುವರು.

ಹಾಡುಗಳು ಸಿದ್ಧವಿದ್ದರೂ ಧ್ವನಿಮುದ್ರಣ ಸಂಸ್ಥೆಗಳು ವರ್ಷಗಟ್ಟಲೆ ಒಪ್ಪಲಿಲ್ಲ. ಕೊನೆಗೆ ಮುಂಬೈನ ಒಂದು ಕಾರ್ಯಕ್ರಮದಲ್ಲಿ ಇವರನ್ನು ಕೇಳಿದ ಹಿಂದಿ ಚಿತ್ರಸಂಗೀತದ ಜೋಡಿ ವಿಶಾಲ್-ಶೇಖರ್ ತಮ್ಮದೇ ಸಂಸ್ಥೆಯಿಂದ ಆಲ್ಬಂ ಬಿಡುಗಡೆ ಮಾಡಿದರು. ‘ಹೇ ಭಗವಾನ್’, ‘ಮೈಸೂರ್ ಸೇ ಆಯೀ’ ಹಾಡುಗಳು ಕನ್ನಡನಾಡಿನಾಚೆಯ ಕೇಳುಗರನ್ನು ತಂದವು.

ಕನ್ನಡದ ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’ ಎರಡೂ ಸಂತಕವಿ ಶಿಶುನಾಳ ಶರೀಫರ (1819–1889) ತತ್ವಪದಗಳು. ಹುಕ್ಕವನ್ನೂ ಸೋರುವ ಮಾಳಿಗೆಯನ್ನೂ ಮುಂದಿಟ್ಟುಕೊಂಡು ದೇಹ, ಅಜ್ಞಾನಗಳ ಮಾತಾಡುವ ಈ ಪದಗಳು ಭಜನಾಮೇಳಗಳಲ್ಲಿ ತಂಬೂರಿ, ದಮ್ಮಡಿಗಳ ಜೊತೆ ಬಾಳಿಕೊಂಡು ಬಂದಿದ್ದವು. ಗಾಯಕ ಸಿ. ಅಶ್ವಥ್ ಅವರ ಕಂಠದಲ್ಲಿ ಶರೀಫರು ಕ್ಯಾಸೆಟ್ಟಿಗೆ, ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರದಿಂದ (1990) ತೆರೆಗೆ ಬಂದಿದ್ದರು. ಅಶ್ವಥ್ ಕೇಳುಗರನ್ನು ಕೂರಿಸಿಕೊಂಡು ಹಾಡಿದರೆ ರಘು ಎಬ್ಬಿಸಿ ನಿಲ್ಲಿಸಿದರು. ಡ್ರಮ್ಸ್, ಬೇಸ್ ಗಿಟಾರುಗಳು ಪದದ ನಡೆಯನ್ನು ಕುಣಿತಕ್ಕೆ ತಿರುಗಿಸಿದವು. ವೇದಿಕೆಯ ಮೇಲೆ ಗಾಯಕ ಲುಂಗಿ ಉಟ್ಟು, ಗೇಲಿಗೊಳಗಾಗಿದ್ದ ಕಾಲುಗಳಿಗೇ ಗೆಜ್ಜೆ ಕಟ್ಟಿ ಹಾಡುತ್ತಿದ್ದರು. ತತ್ವಪದಕ್ಕೆ ಕುಣಿಯುವುದು ಸಲ್ಲದು ಎನ್ನುವವರು ಇದ್ದಾರು. ಆದರೆ ಏಕತಾರಿ ಮೀಟುತ್ತ ಹೆಜ್ಜೆ ಹಾಕುವುದು ಆ ಪರಂಪರೆಗೆ ಹೊಸತೇನಲ್ಲ.

ಮಾತನ್ನು ಕುಣಿತಕ್ಕೆ ಏರಿಸುವ ಯತ್ನ ಬೇರೆಡೆಯೂ ನಡೆದಿತ್ತು. 1970ರ ದಶಕದ ಕೊನೆಗೆ ಬ್ರಿಟನ್ನಿನ ‘ಗ್ಯಾಂಗ್ ಆಫ್ ಫೋರ್’ನಂಥ ತಂಡಗಳು ಪಂಕ್‌ನ ಸಿಟ್ಟಿಗೆ ಫಂಕ್‌ನ ತಾಳ ಬೆರೆಸಿದ್ದರಿಂದ ಡ್ಯಾನ್ಸ್-ಪಂಕ್ ಎಂಬ ಬಗೆ ಬೆಳೆಯಿತು. ‘ಅಂತರಾಗ್ನಿ’ಯನ್ನು ಆ ಸಾಲಿಗೆ ಸೇರಿಸಲಾಗದು. ಬಿಗಿಯಾದ ಮಾತನ್ನು ಕುಣಿಯುವ ಲಯದ ಮೇಲೆ ಹೊರಿಸುವ ಉಪಾಯವೊಂದೇ ಎರಡಕ್ಕೂ ಸಮಾನ. ಅಲ್ಲಿ ರಾಜಕೀಯದ ಕೊಂಕು, ಇಲ್ಲಿ ಸಂತನ ಒಗಟು.

ಆಲ್ಬಂ ಬಂದ ವರ್ಷವೇ ‘ಸೈಕೋ’ ಚಿತ್ರದ ಸಂಗೀತವೂ ರಘು ಅವರಿಗೆ ಹೆಸರು ತಂದಿತು. 2010ರಲ್ಲಿ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು. ಎರಡು ವರ್ಷ ಹಳೆಯದಾಗಿದ್ದ ಆಲ್ಬಂ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯ ತುದಿಗೇರಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆ ತಂಡಕ್ಕೆ ಹೊಸಬರ ಪ್ರಶಸ್ತಿ ಕೊಟ್ಟಿತು. ಎರಡನೆಯ ಆಲ್ಬಂ ‘ಜಗ್ ಚಂಗಾ’ ಬಂದದ್ದು 2013ರಲ್ಲಿ.