ಸೋಂಕಿಗೆ ಅಂಟುವ ದೇಶದ ಹೆಸರು: ಗೊನೊರಿಯಾದ ಜಾಡು ಹಿಡಿಯುವ ಬಗೆ

ಹದಿನೈದನೆಯ ಶತಮಾನದ ಕೊನೆಯಲ್ಲಿ ಯುರೋಪನ್ನು ಸಿಫಿಲಿಸ್ ಆವರಿಸಿದಾಗ ಇಟಲಿಯವರು ಅದನ್ನು ಫ್ರೆಂಚರ ರೋಗವೆಂದರು. ಫ್ರೆಂಚರು ನೇಪಲ್ಸಿನ ರೋಗವೆಂದರು. ರಷ್ಯನ್ನರು ಪೋಲೆಂಡಿನವರತ್ತ ಬೊಟ್ಟು ಮಾಡಿದರು. ಭಾರತದಲ್ಲಿ ಹದಿನಾರನೆಯ ಶತಮಾನದ ವೈದ್ಯ ಭಾವಮಿಶ್ರ ತನ್ನ ‘ಭಾವಪ್ರಕಾಶ’ದಲ್ಲಿ ಇದನ್ನು ‘ಫಿರಂಗ ರೋಗ’ ಎಂದು ಕರೆದ. ಕನ್ನಡದ ‘ಪರಂಗಿ ಹುಣ್ಣು’ ಕೂಡ ಅದೇ ಜಾಡಿನ ಮಾತು. ಪ್ರತಿಯೊಬ್ಬರಿಗೂ ರೋಗ ನೆರೆಯವನ ಮನೆಯಿಂದಲೇ ಬಂದಿತ್ತು.

ಇಂದು ಪ್ರಯೋಗಾಲಯಗಳು ಸೂಕ್ಷ್ಮಾಣುವಿನ ವಂಶವಾಹಿಯನ್ನೇ ಓದಬಲ್ಲವು. ಆದರೂ ಲೈಂಗಿಕ ಸೋಂಕೊಂದು ಯಾವ ದೇಶದಲ್ಲಿ ಹುಟ್ಟಿ ಎಲ್ಲಿಗೆ ಹೋಯಿತೆಂದು ಹೇಳುವುದು ಸುಲಭವಾಗಿಲ್ಲ. ಗೊನೊರಿಯಾ ಇದಕ್ಕೆ ತಕ್ಕ ನಿದರ್ಶನ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2020ರಲ್ಲಿ ಜಗತ್ತಿನ ವಯಸ್ಕರಲ್ಲಿ 8.2 ಕೋಟಿ ಹೊಸ ಗೊನೊರಿಯಾ ಸೋಂಕುಗಳು ಉಂಟಾದವು. ಇದು ಎಣಿಸಿ ಹೇಳಿದ ಸಂಖ್ಯೆಯಲ್ಲ, ಅಂದಾಜು ಎಂಬುದು ಗಮನಾರ್ಹ.

ಒಂದೊಂದೇ ಸೋತ ಔಷಧಗಳು

ಗೊನೊರಿಯಾ ಸೂಕ್ಷ್ಮಾಣು ಔಷಧಗಳನ್ನು ಒಂದೊಂದಾಗಿ ಮಣಿಸುತ್ತ ಬಂದಿದೆ. ಮೊದಲು ಸಲ್ಫಾ ಮಾತ್ರೆಗಳು ಸೋತವು. ಪೆನಿಸಿಲಿನ್ನನ್ನೇ ಒಡೆದುಹಾಕುವ ತಳಿಗಳು 1976ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಪತ್ತೆಯಾದವು. ಒಂದರ ಜಾಡು ಫಿಲಿಪೈನ್ಸ್‌ನತ್ತ, ಇನ್ನೊಂದರದು ಪಶ್ಚಿಮ ಆಫ್ರಿಕದತ್ತ ಸಾಗಿತು. ಬಳಿಕ ಸಿಪ್ರೊಫ್ಲಾಕ್ಸಸಿನ್ ಸರದಿ. ಈಗ ಬಹುತೇಕ ದೇಶಗಳ ಮೊದಲ ಆಯ್ಕೆ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು. ಅದಕ್ಕೂ ಬಗ್ಗದ ತಳಿ 2009ರಲ್ಲಿ ಜಪಾನಿನ ಕ್ಯೋಟೋದಲ್ಲಿ ಕಂಡುಬಂತಾದರೂ ವ್ಯಾಪಕವಾಗಿ ಹರಡಲಿಲ್ಲ.

2015ರಲ್ಲಿ ಜಪಾನಿನಲ್ಲಿಯೇ ದೊರೆತ ಎಫ್‌ಸಿ428 ತಳಿಯ ಕಥೆ ಬೇರೆಯಾಯಿತು. 2017ರ ವೇಳೆಗೆ ಡೆನ್ಮಾರ್ಕ್, ಕೆನಡಾ, ಆಸ್ಟ್ರೇಲಿಯಗಳಲ್ಲಿ ಇದಕ್ಕೆ ನಂಟುಳ್ಳ ತಳಿಗಳು ಪತ್ತೆಯಾದವು. 2018ರ ಆರಂಭದಲ್ಲಿ ಬ್ರಿಟನ್ನಿನ ವ್ಯಕ್ತಿಯೊಬ್ಬನಲ್ಲಿ ಸೆಫ್ಟ್ರಿಯಾಕ್ಸೋನ್, ಅಜಿತ್ರೊಮೈಸಿನ್ ಎರಡಕ್ಕೂ ಜಗ್ಗದ ಸೋಂಕು ಕಾಣಿಸಿತು. ಆತ ಆಗ್ನೇಯ ಏಷ್ಯಕ್ಕೆ ಹೋಗಿಬಂದಿದ್ದ. ಎರ್ಟಾಪೆನೆಮ್ ಔಷಧವನ್ನು ರಕ್ತನಾಳದ ಮೂಲಕ ನೀಡಿದ ಮೇಲಷ್ಟೇ ಆತ ಗುಣಮುಖನಾದ. 2022ರಲ್ಲಿ ಆಸ್ಟ್ರಿಯದಲ್ಲಿ ಪತ್ತೆಯಾದ ಇಂತಹುದೇ ಪ್ರಕರಣದ ಹಿಂದೆ ಕಾಂಬೋಡಿಯ ಪ್ರವಾಸವಿತ್ತು.

ಇಲ್ಲೊಂದು ತೊಡಕಿದೆ. ತಳಿಯನ್ನು ಮೊದಲು ಗುರುತಿಸುವುದು ಸುಸಜ್ಜಿತ ಪ್ರಯೋಗಾಲಯವಿರುವ ದೇಶ. ತಳಿ ಹುಟ್ಟಿದ ದೇಶವೂ ಅದೇ ಆಗಿರಬೇಕೆಂದಿಲ್ಲ. ಎಫ್‌ಸಿ428 ಜಪಾನಿನಲ್ಲಿ ಮೊದಲು ಕಂಡಿತೆಂದರೆ ಅಲ್ಲಿ ಹುಡುಕುವವರಿದ್ದರು ಎಂದಷ್ಟೇ ಖಚಿತವಾಗಿ ಹೇಳಬಹುದು.

ಹುಡುಕುವುದಾದರೂ ಹೇಗೆ?

ರೋಗಿಯ ಸ್ರಾವದ ಮಾದರಿಯನ್ನು ತೆಗೆದು, ಪೋಷಕ ಮಾಧ್ಯಮದಲ್ಲಿ ಸೂಕ್ಷ್ಮಾಣುವನ್ನು ಜೀವಂತವಾಗಿ ಬೆಳೆಸಬೇಕು. ಎಷ್ಟು ಔಷಧಕ್ಕೆ ಅದರ ಬೆಳವಣಿಗೆ ನಿಲ್ಲುತ್ತದೆಂದು ಅಳೆಯಬೇಕು. ಗೊನೊರಿಯಾ ಸೂಕ್ಷ್ಮಾಣು ದೇಹದ ಹೊರಗೆ ಬಲು ಬೇಗ ಸಾಯುತ್ತದೆಯಾದ್ದರಿಂದ ದೂರದೂರಿನ ಮಾದರಿ ಪ್ರಯೋಗಾಲಯ ತಲುಪುವ ಹೊತ್ತಿಗೆ ನಿರುಪಯುಕ್ತವಾಗಿರುವುದುಂಟು. ಇತ್ತೀಚಿನ ಅಣುಮಟ್ಟದ ಪರೀಕ್ಷೆಗಳಿಗೆ ಜೀವಂತ ಸೂಕ್ಷ್ಮಾಣು ಬೇಕಿಲ್ಲ, ಫಲಿತಾಂಶವೂ ಬೇಗ ದೊರೆಯುತ್ತದೆ. ಆದರೆ ಅವುಗಳಲ್ಲಿ ಹೆಚ್ಚಿನವು ಸೋಂಕು ಇದೆಯೋ ಇಲ್ಲವೋ ಎಂದಷ್ಟೇ ತಿಳಿಸುತ್ತವೆ. ಯಾವ ಔಷಧ ನಾಟುತ್ತದೆಂದು ತಿಳಿಸುವುದಿಲ್ಲ. ಅನುಕೂಲ ಹೆಚ್ಚಿದಂತೆ ನಿಗಾ ತೆಳುವಾದದ್ದು ವಿಪರ್ಯಾಸವೇ ಸರಿ.

ಈ ಕೊರತೆ ತುಂಬಲು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಥಾಯ್ಲೆಂಡಿನಿಂದ ಆರಂಭಿಸಿ ಆಯ್ದ ದೇಶಗಳಲ್ಲಿ ವಿಸ್ತೃತ ನಿಗಾ ವ್ಯವಸ್ಥೆಯನ್ನು ಜಾರಿಗೆ ತಂದಿತು. 2024ರಲ್ಲಿ ಭಾರತವೂ ಸೇರಿದಂತೆ 12 ದೇಶಗಳು ಅದಕ್ಕೆ ಮಾಹಿತಿ ನೀಡಿದವು. ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದ ಮಾದರಿಗಳ ಪ್ರಮಾಣ 2022ರಲ್ಲಿ ಶೇ 0.8 ಇದ್ದದ್ದು 2024ರಲ್ಲಿ ಶೇ 5ಕ್ಕೆ ಏರಿತ್ತು. ಕಾಂಬೋಡಿಯ ಮತ್ತು ವಿಯೆಟ್ನಾಂನಲ್ಲಿ ಅದು ಅತ್ಯಧಿಕವಾಗಿತ್ತು.

ಭಾರತದ ಸ್ಥಿತಿ

ಕರ್ನಾಟಕವೂ ಸೇರಿದಂತೆ ದೇಶದ ಸರ್ಕಾರಿ ಆಸ್ಪತ್ರೆಗಳ ‘ಸುರಕ್ಷಾ’ ಕ್ಲಿನಿಕ್‌ಗಳು ಅನುಸರಿಸುತ್ತ ಬಂದಿರುವುದು ಮುಖ್ಯವಾಗಿ ಲಕ್ಷಣಾಧಾರಿತ ಚಿಕಿತ್ಸೆಯನ್ನು. ಮೂತ್ರನಾಳದಿಂದ ಸ್ರಾವವಿದ್ದರೆ ಅಜಿತ್ರೊಮೈಸಿನ್, ಸೆಫಿಕ್ಸಿಮ್ ಮಾತ್ರೆಗಳಿರುವ ಬೂದುಬಣ್ಣದ ಪೊಟ್ಟಣವನ್ನು ಅಲ್ಲಿಯೇ ನೀಡಲಾಗುತ್ತದೆ. ದಿನಗೂಲಿ ಬಿಟ್ಟು ಬಂದವನು ಪರೀಕ್ಷಾ ವರದಿಗಾಗಿ ಮತ್ತೆ ಬರುವುದು ಅಪರೂಪವಾದ್ದರಿಂದ ಈ ಕ್ರಮದಲ್ಲಿ ವಿವೇಕವಿದೆ. ಆದರೆ ಮಾದರಿಯನ್ನೇ ಸಂಗ್ರಹಿಸದಿದ್ದಲ್ಲಿ ತಳಿಯ ಸುಳಿವೂ ಉಳಿಯುವುದಿಲ್ಲ.

ಔಷಧದಂಗಡಿಯಲ್ಲಿ ಮಾತ್ರೆ ಕೊಂಡು ಸುಮ್ಮನಾದವರು ಈ ಲೆಕ್ಕದಿಂದ ಹೊರಗುಳಿಯುತ್ತಾರೆ. ಲಕ್ಷಣಗಳೇ ಕಾಣಿಸದ ಅನೇಕ ಮಹಿಳೆಯರೂ ಹೊರಗುಳಿಯುತ್ತಾರೆ. ಚಿಕಿತ್ಸೆ ದೊರೆಯದ ಗೊನೊರಿಯಾ ಅವರಲ್ಲಿ ಬಂಜೆತನಕ್ಕೆ, ಗರ್ಭಕೋಶದ ಹೊರಗೆ ಗರ್ಭ ನಿಲ್ಲುವುದಕ್ಕೆ ಕಾರಣವಾಗಬಹುದು; ಹೆರಿಗೆಯ ವೇಳೆ ಶಿಶುವಿನ ಕಣ್ಣಿಗೆ ತಗುಲಿದರೆ ದೃಷ್ಟಿಯನ್ನೂ ಕಸಿಯಬಹುದು.