ಪ್ಯಾರಿಸ್ ನಗರದ ಬೀದಿಯ ಛಾಯಾಚಿತ್ರಗಳೂ ಅಭಾವಪ್ರಮಾಣವೂ

೧

ಇತಿಹಾಸಕಾರನಿಗೆ ಸಾಕ್ಷ್ಯವನ್ನೊದಗಿಸುವ ಶಾಸನ, ಓಲೆಯ ಪ್ರತಿ, ನಾಣ್ಯ, ಶಿಲ್ಪ ಇವುಗಳ ಪರೀಕ್ಷಾಕ್ರಮವು ವಿದ್ವಾಂಸರಿಗೆ ಸುಪರಿಚಿತವಾದುದು. ಶಾಸನದ ಲಿಪಿಯಿಂದ ಕಾಲವನ್ನೂ, ದಾನವಾಕ್ಯದಿಂದ ದಾತೃವಿನ ಉದ್ದೇಶವನ್ನೂ, ತ್ರುಟಿತವಾದ ಪಂಕ್ತಿಗಳಿಂದ ಲೋಪವನ್ನೂ ನಿರ್ಣಯಿಸಿದ ಬಳಿಕವಲ್ಲದೆ ಅದರ ಒಕ್ಕಣೆಯನ್ನು ಯಾರೂ ಇತಿಹಾಸವೆಂದು ಅಂಗೀಕರಿಸುವುದಿಲ್ಲ. ಛಾಯಾಚಿತ್ರದ ವಿಷಯದಲ್ಲಿ ಮಾತ್ರ ಈ ಎಚ್ಚರವು ಸಡಿಲವಾಗುವುದುಂಟು. ಅದು ಬೆಳಕೇ ಬರೆದ ಬರೆಹ; ಅದರಲ್ಲಿ ರಾಗದ್ವೇಷಗಳಿಗೆ ಎಡೆಯಿಲ್ಲ; ಆದುದರಿಂದ ಅದು ಪ್ರತ್ಯಕ್ಷಕ್ಕೆ ಸಮಾನವಾದುದು ಎಂಬ ಭಾವನೆಯು ಸಾಮಾನ್ಯರಲ್ಲಿ ಮಾತ್ರವಲ್ಲದೆ ಪಂಡಿತರಲ್ಲಿಯೂ ಬೇರೂರಿದೆ. ಈ ಭಾವನೆಯು ಎಷ್ಟರಮಟ್ಟಿಗೆ ನಿಲ್ಲತಕ್ಕುದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಇದಕ್ಕೆ ಪ್ಯಾರಿಸ್ ನಗರದ ಬೀದಿಗಳ ಹಳೆಯ ಛಾಯಾಚಿತ್ರಗಳಿಗಿಂತ ತಕ್ಕ ನಿಕಷವು ದೊರೆಯುವುದು ಕಷ್ಟ. ಛಾಯಾಗ್ರಹಣವು ಲೋಕಕ್ಕೆ ಪ್ರಕಟವಾದುದು ಆ ನಗರದಲ್ಲಿಯೇ. ಅಲ್ಲಿಂದ ಮುಂದೆ ಸುಮಾರು ತೊಂಬತ್ತು ವರ್ಷಗಳ ಕಾಲ ಅಲ್ಲಿಯ ಬೀದಿ, ಸೇತುವೆ, ಅಂಗಡಿ, ಅಂಗಳಗಳು ಒಬ್ಬರಲ್ಲದಿದ್ದರೆ ಒಬ್ಬರ ಕ್ಯಾಮರಾದ ಮುಂದೆ ನಿಂತಿವೆ. ಆದರೆ ಈ ಚಿತ್ರಗಳನ್ನು ಸಾಲಾಗಿ ನೋಡುವವನಿಗೆ ಒಂದು ವಿಚಿತ್ರವು ಗೋಚರವಾಗುತ್ತದೆ. ಅವುಗಳಲ್ಲಿ ಬಹುಭಾಗವು ನಿರ್ಜನವಾದುವು. ೧೮೬೧ರ ಜನಗಣತಿಯಂತೆ ಹದಿನಾರು ಲಕ್ಷಕ್ಕೂ ಮೇಲ್ಪಟ್ಟು ಜನರಿದ್ದ ಮಹಾನಗರವು ಚಿತ್ರದಲ್ಲಿ ಊರು ಬಿಟ್ಟುಹೋದ ಹಾಳುಪಟ್ಟಣದಂತೆ ತೋರುತ್ತದೆ. ಈ ಶೂನ್ಯತೆಯು ಬೀದಿಯ ಧರ್ಮವೋ, ಚಿತ್ರದ ಧರ್ಮವೋ ಎಂಬುದು ಪ್ರಶ್ನೆ.

೨

ಲೂಯಿ ದಾಗೇರನು ಕಂಡುಹಿಡಿದ ವಿಧಾನದ ಸುದ್ದಿಯನ್ನು ೧೮೩೯ನೆಯ ಇಸವಿ ಜನವರಿ ೭ರಂದು ಅರಾಗೋ ಎಂಬ ವಿಜ್ಞಾನಿಯು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ತಿಳಿಸಿದನು. ಅದೇ ವರ್ಷ ಆಗಸ್ಟ್ ೧೯ರಂದು ವಿಧಾನದ ವಿವರಗಳು ಬಹಿರಂಗವಾದುವು. ಅದಕ್ಕೆ ಮುಂಚೆಯೇ, ೧೮೩೮ರಲ್ಲಿ, ದಾಗೇರನು ಎತ್ತರದ ಕಿಟಕಿಯೊಂದರಿಂದ ಬುಲವಾರ್ ದ್ಯು ತಾಂಪ್ಲ್ ಎಂಬ ಹೆದ್ದಾರಿಯ ಚಿತ್ರವನ್ನು ಬೆಳ್ಳಿಯ ಮುಲಾಮಿನ ತಾಮ್ರದ ತಗಡಿನ ಮೇಲೆ ತೆಗೆದಿದ್ದನು. ಈ ಹೆದ್ದಾರಿಯು ನಾಟಕಶಾಲೆಗಳಿಂದಲೂ ಗಾಡಿಗಳ ಸಂಚಾರದಿಂದಲೂ ಸದಾ ಗಿಜಿಗುಟ್ಟುತ್ತಿದ್ದ ಸ್ಥಳ. ಚಿತ್ರದಲ್ಲಿಯಾದರೋ ಮನೆಗಳ ಸಾಲೂ ಮರಗಳ ಸಾಲೂ ನಿಚ್ಚಳವಾಗಿ ಮೂಡಿವೆ, ಬೀದಿಯು ಬರಿದಾಗಿದೆ. ಒಂದು ಮೂಲೆಯಲ್ಲಿ ಒಬ್ಬ ಮನುಷ್ಯನು ಒಂದು ಕಾಲನ್ನು ಎತ್ತಿಟ್ಟು ಪಾದರಕ್ಷೆಯನ್ನು ತಿಕ್ಕಿಸಿಕೊಳ್ಳುತ್ತ ನಿಂತಿದ್ದಾನೆ.

ಇದರ ಕಾರಣವು ಗೂಢವಾದುದಲ್ಲ. ಅಂದಿನ ತಗಡಿಗೆ ಹಲವು ನಿಮಿಷಗಳ ಕಾಲ ಬೆಳಕು ಬೀಳಬೇಕಾಗಿತ್ತು. ಅಷ್ಟರಲ್ಲಿ ನಡೆದುಹೋದವನು, ಗಾಡಿಯಲ್ಲಿ ಸಾಗಿದವನು, ಯಾವನೂ ಒಂದೆಡೆಯಲ್ಲಿ ಸಾಕಷ್ಟು ಕಾಲ ನಿಲ್ಲಲಿಲ್ಲವಾಗಿ ತಗಡಿನ ಮೇಲೆ ಅವನ ಗುರುತು ಉಳಿಯಲಿಲ್ಲ. ಪಾದರಕ್ಷೆಯ ಕೆಲಸಕ್ಕಾಗಿ ನಿಂತವನೊಬ್ಬನು ಉಳಿದನು. ಆ ವರ್ಷ ಪ್ಯಾರಿಸ್ಸಿನಲ್ಲಿದ್ದ ಅಮೆರಿಕದ ಸ್ಯಾಮ್ಯುಯಲ್ ಮೋರ್ಸನು ಈ ತಗಡನ್ನು ನೋಡಿ ತನ್ನ ದೇಶಕ್ಕೆ ಬರೆದ ಪತ್ರದಲ್ಲಿಯೇ ಈ ಸಂಗತಿಯನ್ನು ಗುರುತಿಸಿದನು. ಆ ಪತ್ರವು ೧೮೩೯ನೆಯ ಏಪ್ರಿಲಿನಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಬೀದಿಯ ಛಾಯಾಚಿತ್ರದ ದೋಷವು ಆ ಕಲೆಯ ಮೊದಲ ವರ್ಷದಲ್ಲಿಯೇ ಬಲ್ಲವರಿಗೆ ತಿಳಿದಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮುಂದಿನವರು ಅದನ್ನು ಮರೆತರು.

ಕಾಣದಿರುವುದರಲ್ಲಿ ಹೇಗೋ ಕಾಣುವುದರಲ್ಲಿಯೂ ಹಾಗೆಯೇ ಭ್ರಾಂತಿಗೆ ಎಡೆಯುಂಟು. ೧೮೫೧ರಲ್ಲಿ ಷಾರ್ಲ್ ನೆಗ್ರ್ ಎಂಬ ಚಿತ್ರಕಾರನು ಸೇನ್ ನದಿಯ ದಂಡೆಯ ಕೇ ಬೂರ್ಬೋ ಎಂಬಲ್ಲಿ ಹೊಗೆಗೂಡು ಗುಡಿಸುವ ಮೂವರ ಚಿತ್ರವನ್ನು ತೆಗೆದನು. ಅವರು ಒಬ್ಬರ ಹಿಂದೊಬ್ಬರು ನಡೆದುಹೋಗುತ್ತಿರುವಂತೆ ತೋರುತ್ತದೆ. ಆದರೆ ಅಂದಿನ ಕಾಗದದ ನೆಗೆಟಿವಿನಲ್ಲಿ ನಡೆಯುವವನ ಕಾಲು ಹೀಗೆ ಸ್ಫುಟವಾಗಿ ಮೂಡುವಂತಿರಲಿಲ್ಲ. ನಡೆಯುವ ಭಂಗಿಯಲ್ಲಿ ಅವರನ್ನು ನಿಲ್ಲಿಸಿ ತೆಗೆದ ಚಿತ್ರವಿದು ಎಂದೇ ತಜ್ಞರು ನಿರ್ಣಯಿಸಿದ್ದಾರೆ. ದಾಗೇರನ ತಗಡಿನಲ್ಲಿ ನಡೆದವರು ಕಾಣದೆ ಹೋದರು. ನೆಗ್ರನ ಚಿತ್ರದಲ್ಲಿ ನಿಂತವರು ನಡೆಯುವವರಾಗಿ ಕಂಡರು.

೩

ಈ ವಿಚಾರವು ಕೇವಲ ತಾಂತ್ರಿಕವಾದುದೆಂದು ತಿಳಿಯಬಾರದು. ಅದರಲ್ಲಿ ಜನರ ಬಾಳಿಗೆ ಸಂಬಂಧಿಸಿದ ನ್ಯಾಯಾನ್ಯಾಯದ ಪ್ರಶ್ನೆಯೂ ಅಡಗಿದೆ. ಇದು ಷಾರ್ಲ್ ಮಾರ್ವೀಲನ ಚಿತ್ರಗಳಿಂದ ವಿಶದವಾಗುವುದು.

೧೮೫೩ರಿಂದ ೧೮೭೦ರವರೆಗೆ ಸೇನ್ ಪ್ರಾಂತದ ಅಧಿಕಾರಿಯಾಗಿದ್ದ ಓಸ್ಮಾನನು ಮೂರನೆಯ ನೆಪೋಲಿಯನ್ ಚಕ್ರವರ್ತಿಯ ಆಜ್ಞೆಯಂತೆ ಹಳೆಯ ಪ್ಯಾರಿಸ್ಸಿನ ಇಕ್ಕಟ್ಟಾದ ಬೀದಿಗಳನ್ನು ಕೆಡವಿ ವಿಶಾಲವಾದ ರಾಜಮಾರ್ಗಗಳನ್ನು ನಿರ್ಮಿಸಿದನು. ಇದಕ್ಕೆ ಕಾರಣಗಳಿಲ್ಲದಿರಲಿಲ್ಲ. ೧೮೩೨ರ ಕಾಲರಾ ಒಂದರಲ್ಲಿಯೇ ಆ ನಗರದಲ್ಲಿ ಹದಿನೆಂಟು ಸಾವಿರಕ್ಕೂ ಮೇಲ್ಪಟ್ಟು ಜನರು ಮಡಿದಿದ್ದರು. ಗಾಳಿ ಬೆಳಕು ಕಾಣದ ಓಣಿಗಳೂ ಬೀದಿಯ ನಡುವೆಯೇ ಹರಿಯುವ ಬಚ್ಚಲೂ ರೋಗಕ್ಕೆ ನೆಲೆಯಾಗಿದ್ದುವು. ಆದರೂ ಕೆಡವಿದ ಮನೆಗಳಲ್ಲಿ ವಾಸವಾಗಿದ್ದವರು ಬಹುಮಟ್ಟಿಗೆ ಬಡವರು, ಕೈಕಸುಬಿನವರು. ಸಿತೇ ಎಂಬ ನಡುಗಡ್ಡೆಯ ಜನವಸತಿಯ ಬಹುಭಾಗವು ಈ ಕಾರ್ಯದಲ್ಲಿ ತೆರವಾಯಿತು. ಅಲ್ಲಿ ಬಾಳಿದವರು ನಗರದ ಅಂಚುಗಳಿಗೆ ಸರಿಯಬೇಕಾಯಿತು.

ಕೆಡಹುವ ಬೀದಿಗಳ ಗುರುತಾದರೂ ಉಳಿಯಲಿ ಎಂಬ ಉದ್ದೇಶದಿಂದ ನಗರದ ಆಡಳಿತವು ಮಾರ್ವೀಲನಿಗೆ ಅವುಗಳ ಛಾಯಾಚಿತ್ರ ತೆಗೆಯುವ ಕೆಲಸವನ್ನು ವಹಿಸಿತು. ೧೮೬೫ರ ಸುಮಾರಿನಲ್ಲಿ ಅವನು ನಾನೂರಕ್ಕೂ ಹೆಚ್ಚು ಬೀದಿಗಳ ನೋಟಗಳನ್ನು ದೊಡ್ಡ ಗಾಜಿನ ಫಲಕಗಳ ಮೇಲೆ ತೆಗೆದನು. ಫಲಕಕ್ಕೆ ಕೊಲೋಡಿಯನ್ ಎಂಬ ದ್ರವವನ್ನು ಸವರಿ, ಬೆಳ್ಳಿಯ ಲವಣದಲ್ಲಿ ಅದ್ದಿ, ಒಣಗುವುದಕ್ಕೆ ಮುಂಚೆಯೇ ಬೆಳಕಿಗೆ ಒಡ್ಡಿ ಸಂಸ್ಕರಿಸಬೇಕಾಗಿತ್ತು. ಒದ್ದೆಯಾದ ಕಲ್ಲುಹಾಸು, ಗೋಡೆಯ ಭಿತ್ತಿಪತ್ರಗಳು, ಅಂಗಡಿಯ ಹಲಗೆಗಳ ಅಕ್ಷರಗಳು ಅವನ ಚಿತ್ರಗಳಲ್ಲಿ ಅತಿ ಸೂಕ್ಷ್ಮವಾಗಿ ಮೂಡಿವೆ. ಮನುಷ್ಯರು ವಿರಳ. ಇದ್ದವರು ಬಾಗಿಲಿಗೆ ಒರಗಿ ಅಲ್ಲಾಡದೆ ನಿಂತವರು. ಕೆಲವೆಡೆ ಸಂಚರಿಸಿದವರ ಹಬೆಯಂತಹ ಛಾಯೆ ಮಾತ್ರ ಉಂಟು.

ಈಗ ಒಬ್ಬ ವಾಚಕನು ಈ ಚಿತ್ರಗಳನ್ನು ಪ್ರತ್ಯಕ್ಷವೆಂದು ನಂಬಿ ಹೀಗೆ ಹೇಳಬಹುದು: ‘ಈ ಬೀದಿಗಳು ಆಗಲೇ ಸತ್ತಿದ್ದುವು, ಅಲ್ಲಿ ಜನಜೀವನವೇ ಇರಲಿಲ್ಲ, ಕೆಡವಿದುದರಿಂದ ಯಾರಿಗೂ ನಷ್ಟವಾಗಲಿಲ್ಲ.’ ಚಿತ್ರದಲ್ಲಿ ಯಾರೂ ಕಾಣದಿರುವುದೇ ಈ ಮಾತಿಗೆ ಆಧಾರ. ಈ ಅನುಮಾನವು ಸರಿಯೆ?

೪

ಇಲ್ಲಿ ಶಾಸ್ತ್ರಕಾರರು ಅಭಾವಜ್ಞಾನದ ವಿಷಯದಲ್ಲಿ ಹೇಳಿದ ನಿಯಮವು ಉಪಕಾರಕವಾಗುವುದು. ನೆಲದ ಮೇಲೆ ಗಡಿಗೆಯಿಲ್ಲ ಎಂಬ ಜ್ಞಾನವು ಹೇಗೆ ಹುಟ್ಟುತ್ತದೆ? ಭಾಟ್ಟ ಮೀಮಾಂಸಕರು ಅನುಪಲಬ್ಧಿ ಎಂಬ ಆರನೆಯ ಪ್ರಮಾಣವನ್ನೇ ಇದಕ್ಕಾಗಿ ಅಂಗೀಕರಿಸಿದರು. ನೈಯಾಯಿಕರು ಅಭಾವವು ಇಂದ್ರಿಯದಿಂದಲೇ ಗ್ರಾಹ್ಯವಾದುದೆಂದೂ ಅನುಪಲಬ್ಧಿಯು ಅದಕ್ಕೆ ಸಹಕಾರಿ ಮಾತ್ರವೆಂದೂ ವಾದಿಸಿದರು. ಹೀಗೆ ಮತಭೇದವಿದ್ದರೂ ಒಂದು ಅಂಶದಲ್ಲಿ ಉಭಯರಿಗೂ ಸಮ್ಮತಿಯುಂಟು. ಕಾಣದಿರುವುದೆಲ್ಲವೂ ಇಲ್ಲದಿರುವುದಕ್ಕೆ ಸಾಧಕವಲ್ಲ. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಿದ್ದರೆ ಮಾತ್ರ ಅದರ ಅಭಾವವು ಸಿದ್ಧಿಸುವುದು. ಇದೇ ಯೋಗ್ಯಾನುಪಲಬ್ಧಿ. ಕತ್ತಲೆಯ ಕೋಣೆಯಲ್ಲಿ ಗಡಿಗೆಯು ಕಾಣಲಿಲ್ಲವೆಂದು ಗಡಿಗೆಯೇ ಇಲ್ಲವೆಂದು ಹೇಳುವವನು ಉಪಹಾಸಕ್ಕೆ ಪಾತ್ರನಾಗುವನು.

ಈ ನಿಯಮವನ್ನು ಮಾರ್ವೀಲನ ಫಲಕಕ್ಕೆ ಅನ್ವಯಿಸಬೇಕು. ಅಲ್ಲಿ ಒಂದು ಮನೆಯು ಕಾಣದಿದ್ದರೆ ಆ ಮನೆಯು ಆ ಸ್ಥಳದಲ್ಲಿ ಇರಲಿಲ್ಲವೆಂದು ಧಾರಾಳವಾಗಿ ಹೇಳಬಹುದು. ಮನೆಯು ಅಚಲವಾದುದರಿಂದ ಫಲಕಕ್ಕೆ ಗ್ರಹಣಯೋಗ್ಯವಾದುದು. ಆದರೆ ನಡೆಯುವ ಮನುಷ್ಯನು ಆ ಫಲಕಕ್ಕೆ ಯೋಗ್ಯನಾದ ವಿಷಯವೇ ಅಲ್ಲ. ಆದುದರಿಂದ ಅವನು ಕಾಣದಿರುವುದು ಅವನ ಅಭಾವವನ್ನು ಸಾಧಿಸಲಾರದು. ಒಂದೇ ಚಿತ್ರವು ಕಲ್ಲಿನ ವಿಷಯದಲ್ಲಿ ಪ್ರಬಲವಾದ ಸಾಕ್ಷಿ. ಜನರ ವಿಷಯದಲ್ಲಿ ಮೂಕಸಾಕ್ಷಿ.

ಇದನ್ನು ದೃಢಪಡಿಸುವ ಎರಡು ಸಂಗತಿಗಳುಂಟು. ಮೊದಲನೆಯದು: ೧೮೭೦ರ ನಂತರದ ವರ್ಷಗಳಲ್ಲಿ ಮಾರ್ವೀಲನು ಹೊಸ ರಾಜಮಾರ್ಗಗಳ ಚಿತ್ರಗಳನ್ನೂ ತೆಗೆದನು, ಹಳೆಯ ಬೀದಿ ಹೊಸ ಬೀದಿಗಳ ಅವನ ನೋಟಗಳನ್ನು ೧೮೭೮ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ನಗರವು ತೋರಿಸಿತು. ಆ ಹೊಸ ಬೀದಿಗಳಲ್ಲಿಯೂ ಸಂಚಾರದ ಜನರು ವಿರಳರೇ. ಶೂನ್ಯತೆಯು ಹಳೆಯ ಬೀದಿಯ ಧರ್ಮವಾಗಿದ್ದರೆ ಹೊಸ ಬೀದಿಯಲ್ಲಿ ಅದು ಇರಬಾರದಾಗಿತ್ತು. ಎರಡನೆಯದು: ೧೮೬೦ರ ದಶಕದಲ್ಲಿಯೇ ಇಪ್ಪೊಲಿತ್ ಜೂವಾಂ ಎಂಬವನು ಪ್ಯಾರಿಸ್ಸಿನ ಕ್ಷಣಚಿತ್ರಗಳ ಮಾಲಿಕೆಯೊಂದನ್ನು ಹೊರತಂದನು. ಇವು ಜೋಡಿಗಾಜಿನ ಯಂತ್ರದಲ್ಲಿಟ್ಟು ನೋಡುವ ಸ್ಟೀರಿಯೋಸ್ಕೋಪ್ ಚಿತ್ರಗಳು. ಫಲಕವು ಚಿಕ್ಕದು, ಮಸೂರದ ನಾಭಿದೂರವು ಕಡಮೆ. ಆದುದರಿಂದ ಕ್ಷಣಾರ್ಧದ ಬೆಳಕೇ ಸಾಕಾಗುತ್ತಿತ್ತು. ಇವುಗಳಲ್ಲಿ ಪೋನ್ ನೆಫ್ ಸೇತುವೆಯ ಮೇಲೆ ಗಾಡಿಗಳೂ ಪಾದಚಾರಿಗಳೂ ಕಿಕ್ಕಿರಿದಿದ್ದಾರೆ. ನಗರವೂ ಒಂದೇ, ದಶಕವೂ ಒಂದೇ. ಉಪಕರಣವು ಬೇರೆಯಾದೊಡನೆ ಜನರು ಕಾಣಿಸಿಕೊಂಡರು. ಅನ್ವಯವ್ಯತಿರೇಕಗಳೆರಡರಿಂದಲೂ ಶೂನ್ಯತೆಯು ಫಲಕದ್ದೇ ಹೊರತು ಬೀದಿಯದಲ್ಲವೆಂದು ಸಿದ್ಧವಾಯಿತು.

ಹಾಗಾದರೆ ಮಾರ್ವೀಲನ ಚಿತ್ರಗಳಿಂದ ಜನರ ಬಾಳನ್ನು ತಿಳಿಯಲು ಉಪಾಯವೇ ಇಲ್ಲವೆ? ಉಂಟು. ಅಂಗಡಿಯ ಹಲಗೆಯು ವ್ಯಾಪಾರಿಯನ್ನೂ, ಭಿತ್ತಿಪತ್ರವು ಓದುವವನನ್ನೂ, ಬಾಗಿಲಿನ ಮುಂದೆ ನಿಲ್ಲಿಸಿದ ಕೈಗಾಡಿಯು ಅದನ್ನು ನೂಕುವವನನ್ನೂ ಅನುಮಾನದಿಂದ ತಿಳಿಸುತ್ತವೆ. ಹೊಗೆಯಿಂದ ಬೆಂಕಿಯನ್ನು ತಿಳಿಯುವಂತೆ ಈ ಲಿಂಗಗಳಿಂದ ಜನರನ್ನು ತಿಳಿಯಬೇಕು. ಪ್ರತ್ಯಕ್ಷವು ಮುಗಿದಲ್ಲಿ ಅನುಮಾನಕ್ಕೆ ಅವಕಾಶವುಂಟು, ಅಭಾವದ ಘೋಷಣೆಗಿಲ್ಲ.

೫

ಈ ವಿಚಾರವನ್ನು ಪೂರ್ಣಗೊಳಿಸಲು ಯೂಜೆನ್ ಅಟ್ಜೆಯ ಚಿತ್ರಗಳನ್ನು ಪರಿಶೀಲಿಸಬೇಕು. ೧೮೫೭ರಲ್ಲಿ ಲಿಬೂರ್ನ್ ಎಂಬ ಊರಿನಲ್ಲಿ ಹುಟ್ಟಿದ ಈತನು ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡವನು. ಹಡಗಿನಲ್ಲಿ ದುಡಿದು, ನಾಟಕಗಳಲ್ಲಿ ಪಾತ್ರ ವಹಿಸಿ, ಕೊನೆಗೆ ಛಾಯಾಗ್ರಹಣವನ್ನು ಜೀವನೋಪಾಯವಾಗಿ ಅವಲಂಬಿಸಿದನು. ಕಲಾವಿದರಿಗೆ ಬೇಕಾದ ದಾಖಲೆಗಳು ಇಲ್ಲಿ ದೊರೆಯುತ್ತವೆ ಎಂಬರ್ಥದ ಹಲಗೆಯನ್ನು ತನ್ನ ಬಾಗಿಲಿಗೆ ಹಾಕಿದ್ದನು. ೧೯೨೭ರಲ್ಲಿ ತೀರಿಕೊಳ್ಳುವವರೆಗೂ ೧೮ಕ್ಕೆ ೨೪ ಸೆಂಟಿಮೀಟರಿನ ಗಾಜಿನ ಫಲಕಗಳನ್ನೂ ಭಾರವಾದ ಮರದ ಕ್ಯಾಮರಾವನ್ನೂ ಹೊತ್ತು ಪ್ಯಾರಿಸ್ಸಿನ ಬೀದಿಬೀದಿಗಳನ್ನು ತಿರುಗಿದನು.

ಅವನ ಕಾಲಕ್ಕೆ ಜೆಲಟಿನ್ ಸವರಿದ ಒಣ ಫಲಕಗಳು ಬಳಕೆಗೆ ಬಂದು ಬೀದಿಯ ಸಂಚಾರವನ್ನು ಹಿಡಿಯುವುದು ಅಸಾಧ್ಯವಾಗಿರಲಿಲ್ಲ. ಆದರೂ ಅವನ ಬೀದಿಗಳು ಬಹುಮಟ್ಟಿಗೆ ನಿರ್ಜನವೇ. ಜರ್ಮನ್ ವಿಮರ್ಶಕ ವಾಲ್ಟರ್ ಬೆನ್ಯಮಿನ್ ೧೯೩೧ರಲ್ಲಿ ಈ ಶೂನ್ಯತೆಯನ್ನು ಎತ್ತಿ ತೋರಿಸಿದನು. ಅಪರಾಧವು ನಡೆದ ಸ್ಥಳಕ್ಕೆ ಅದನ್ನು ಹೋಲಿಸಿದುದೂ ಪ್ರಸಿದ್ಧವಾಗಿದೆ. ಇಲ್ಲಿ ಕಾರಣವು ಫಲಕದ ಅಶಕ್ತಿಯೊಂದೇ ಅಲ್ಲ, ಛಾಯಾಗ್ರಾಹಕನ ಕಾರ್ಯಕ್ರಮವೂ ಹೌದು. ಅಟ್ಜೆಯು ಜನರು ಬೀದಿಗಿಳಿಯುವುದಕ್ಕೆ ಮುಂಚೆ ಮುಂಜಾವದಲ್ಲಿ ಕೆಲಸಕ್ಕೆ ಹೊರಡುತ್ತಿದ್ದನು. ಅವನಿಂದ ಚಿತ್ರಗಳನ್ನು ಕೊಳ್ಳುತ್ತಿದ್ದವರು ಚಿತ್ರಕಾರರು, ಕಮ್ಮಟದ ಕುಶಲಕರ್ಮಿಗಳು, ಕಾರ್ನವಾಲೆ ವಸ್ತುಸಂಗ್ರಹಾಲಯ, ರಾಷ್ಟ್ರೀಯ ಗ್ರಂಥಾಲಯ ಮುಂತಾದವರು. ಅವರಿಗೆ ಬೇಕಾಗಿದ್ದುದು ಹಳೆಯ ಬಾಗಿಲು, ಕಬ್ಬಿಣದ ಜಾಲಂಧ್ರ, ಮೆಟ್ಟಿಲ ಕೈಪಿಡಿ. ಬಾಗಿಲಿನ ಕೆತ್ತನೆಯನ್ನು ಕೇಳಿದವನಿಗೆ ಬಾಗಿಲಿಗೆ ಅಡ್ಡವಾಗಿ ನಿಂತವನು ವಿಘ್ನವೇ ಸರಿ. ಶಾಸ್ತ್ರಗ್ರಂಥದ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ವಿಚಾರಿಸುವ ಪದ್ಧತಿಯಿದೆಯಷ್ಟೆ. ಛಾಯಾಚಿತ್ರಕ್ಕೂ ಈ ವಿಚಾರವು ಅವಶ್ಯಕ.

ಜನರಲ್ಲಿ ಅಟ್ಜೆಗೆ ಆಸಕ್ತಿಯಿರಲಿಲ್ಲವೆಂದು ಹೇಳುವಂತಿಲ್ಲ. ೧೯೦೦ಕ್ಕೆ ಹಿಂದಿನ ಕೆಲವು ವರ್ಷಗಳಲ್ಲಿ ಅವನು ಬೀದಿಯ ಕಸುಬಿನವರ ಮಾಲಿಕೆಯನ್ನೇ ತೆಗೆದನು: ಹಿಡಿ ತಿರುಗಿಸಿ ವಾದ್ಯದ ಪೆಟ್ಟಿಗೆಯನ್ನು ನುಡಿಸುವ ಮುದುಕ, ಅವನ ಪಕ್ಕದಲ್ಲಿ ನಗುತ್ತ ಹಾಡುವ ಹೆಂಗಸು, ದೀಪದ ಮುಸುಕುಗಳನ್ನು ಮಾರುವವ. ೧೯೧೨-೧೩ರ ಸುಮಾರಿನಲ್ಲಿ ನಗರದ ಕೋಟೆಯ ಹೊರಗೆ ಗುಡಿಸಲುಗಳಲ್ಲಿದ್ದ ಚಿಂದಿ ಆಯುವವರ ಬಾಳನ್ನೂ ಚಿತ್ರಿಸಿದನು. ಇವರನ್ನು ನೋಡಿದ ಬಳಿಕ ಅವನ ನಿರ್ಜನ ಬೀದಿಗಳನ್ನು ನಿರ್ಜನ ನಗರವೆಂದು ಯಾರು ತಾನೆ ಹೇಳಿಯಾರು? ಒಂದು ಚಿತ್ರವನ್ನು ಅದೇ ಕರ್ತೃವಿನ ಇತರ ಚಿತ್ರಗಳೊಡನೆ ಏಕವಾಕ್ಯತೆಯಿಂದ ಓದಬೇಕೆಂಬುದು ಇದರಿಂದ ಗೊತ್ತಾಗುತ್ತದೆ.

ಅಟ್ಜೆಗಾದರೋ ತನ್ನ ಕೃತಿಯ ಸ್ವರೂಪವು ಚೆನ್ನಾಗಿ ತಿಳಿದಿತ್ತು. ೧೯೨೦ರಲ್ಲಿ ಹಳೆಯ ಪ್ಯಾರಿಸ್ಸಿನ ೨,೬೨೧ ನೆಗೆಟಿವುಗಳನ್ನು ಹತ್ತು ಸಾವಿರ ಫ್ರಾಂಕುಗಳಿಗೆ ಫ್ರೆಂಚ್ ಸರಕಾರಕ್ಕೆ ಒಪ್ಪಿಸಿದನು. ೧೯೨೬ರಲ್ಲಿ ಸರ್ರಿಯಲಿಸ್ಟ್ ಪಂಥದವರು ತಮ್ಮ ಪತ್ರಿಕೆಯ ಮುಖಪುಟದಲ್ಲಿ ಅವನ ಗ್ರಹಣವೀಕ್ಷಣೆಯ ಚಿತ್ರವನ್ನು ಅಚ್ಚು ಹಾಕಿದಾಗ ತನ್ನ ಹೆಸರು ಬೇಡವೆಂದೂ ತಾನು ಮಾಡುವುವು ದಾಖಲೆಗಳು ಮಾತ್ರವೆಂದೂ ಹೇಳಿದನು. ಅವನ ಮರಣಾನಂತರ ಉಳಿದ ಸಂಗ್ರಹವನ್ನು ಅಮೆರಿಕದ ಬೆರೆನಿಸ್ ಆಬಟ್ ಎಂಬ ಛಾಯಾಗ್ರಾಹಕಿಯು ಕೊಂಡು ರಕ್ಷಿಸಿದಳು. ೧೯೬೮ರಲ್ಲಿ ಅದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವನ್ನು ಸೇರಿತು.

೬

ಮೇಲಣ ವಿಚಾರದಿಂದ ನಿಷ್ಪನ್ನವಾಗುವ ಅಂಶಗಳು ಮೂರು. ಫಲಕವು ಯಾವುದನ್ನು ಗ್ರಹಿಸಲು ಶಕ್ತವಾಗಿತ್ತೋ ಅದರ ವಿಷಯದಲ್ಲಿ ಮಾತ್ರ ಚಿತ್ರದ ಮೌನವು ಪ್ರಮಾಣ. ಕಂಡುದೂ ಕಂಡಂತೆಯೇ ನಡೆದಿತ್ತೆಂಬ ನಿಯಮವಿಲ್ಲ. ಚಿತ್ರವನ್ನು ಯಾರು, ಯಾರಿಗಾಗಿ, ಯಾವ ಹೊತ್ತಿನಲ್ಲಿ ತೆಗೆದರೆಂಬುದನ್ನು ತಿಳಿಯದೆ ಅದರಿಂದ ನಿರ್ಣಯಕ್ಕೆ ಬರಲಾಗದು.

ಛಾಯಾಚಿತ್ರವು ಅಪ್ರಮಾಣವೆಂದು ಇದರಿಂದ ಹೇಳಿದಂತಾಗಲಿಲ್ಲ. ಅದರ ಪ್ರಾಮಾಣ್ಯದ ಎಲ್ಲೆಯನ್ನು ಹೇಳಿದಂತಾಯಿತು. ಎಲ್ಲೆಯನ್ನರಿತು ಬಳಸಿದರೆ ಹಳೆಯ ನಗರಗಳ ಇತಿಹಾಸಕ್ಕೆ ಅದಕ್ಕಿಂತ ಉಪಕಾರಕವಾದ ಸಾಧನಗಳು ಕೆಲವೇ. ಎಲ್ಲೆಯನ್ನು ಮರೆತರೆ ಆಗುವ ಹಾನಿಯು ಗ್ರಂಥದಲ್ಲಿನ ತಪ್ಪಿನಷ್ಟಕ್ಕೇ ನಿಲ್ಲುವುದಿಲ್ಲ. ಮಾರ್ವೀಲನ ಬೀದಿಗಳಲ್ಲಿ ಬಾಳಿದವರು ಬಹುತೇಕ ತಮ್ಮ ಬಗೆಗೆ ಬರೆದಿಟ್ಟವರಲ್ಲ. ಅವರ ಮನೆಗಳು ಈಗ ಇಲ್ಲ. ಚಿತ್ರದಲ್ಲಿ ಕಾಣಲಿಲ್ಲವೆಂದು ಅವರು ಇರಲೇ ಇಲ್ಲವೆಂದರೆ, ಮನೆಯಿಂದ ಹೊರಟವರನ್ನು ಇತಿಹಾಸದಿಂದಲೂ ಹೊರಡಿಸಿದಂತಾಗುವುದು.