ಹಳಿ ಕಿತ್ತ ಮೇಲೂ ಉಳಿದ ದಾರಿ



ಸಿಂಗಪುರದಲ್ಲಿ ಸೈಕಲ್ ಇಟ್ಟುಕೊಂಡವರಿಗೆಲ್ಲ ರೈಲ್ ಕಾರಿಡಾರ್ ಗೊತ್ತು. ಉತ್ತರದಲ್ಲಿ ವುಡ್‌ಲ್ಯಾಂಡ್ಸ್ ಕಡೆಯಿಂದ ದಕ್ಷಿಣದ ತಾಂಜೊಂಗ್ ಪಗಾರ್ ದಿಕ್ಕಿಗೆ ಹರಿದಿರುವ, ಸುಮಾರು 24 ಕಿಲೋಮೀಟರ್ ಉದ್ದದ ಹಸಿರು ಪಟ್ಟಿ ಅದು. ಅಲ್ಲಲ್ಲಿ ರಸ್ತೆ ದಾಟುವುದು ಬಿಟ್ಟರೆ ಕಾರಿನ ಕಾಟವಿಲ್ಲ, ಬಸ್ಸಿನ ಹೊಗೆಯಿಲ್ಲ. ಒಂದು ಅಂಗುಲ ನೆಲಕ್ಕೂ ಚಿನ್ನದ ಬೆಲೆ ಇರುವ ಈ ಊರಿನಲ್ಲಿ ಇಷ್ಟು ಉದ್ದದ ಜಾಗ ಕಟ್ಟಡಗಳಿಗೆ ಸಿಗದೆ ಹೇಗೆ ಉಳಿಯಿತು? ಆ ಕಥೆಯನ್ನು ಈ ಸಲ ನಿಮ್ಮ ಮುಂದಿಡುತ್ತೇನೆ.

ಮೊದಲು ಒಂದು ಸಣ್ಣ ಲೆಕ್ಕಾಚಾರ. ರೈಲಿಗೆ ಕಡಿದಾದ ಏರು ಆಗದು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಜಾರುತ್ತದೆ. ಆದ್ದರಿಂದ ರೈಲು ಹಾಕುವವರು ಎಲ್ಲಾದರೂ ನದಿ ಕಣಿವೆ ಸಿಕ್ಕರೆ ಅದನ್ನೇ ಹಿಡಿಯುತ್ತಾರೆ. ಸಿಗದಿದ್ದರೆ ಗುಡ್ಡ ಕಡಿದು, ತಗ್ಗು ತುಂಬಿಸಿ, ದಾರಿಯನ್ನು ಆದಷ್ಟು ಸಮ ಮಾಡುತ್ತಾರೆ. ಆ ದಾರಿಯಲ್ಲಿ ರೈಲು ನಿಂತುಹೋದರೆ ಉಳಿಯುವುದು ಸೈಕಲ್ಲಿಗೆ ಹೇಳಿ ಮಾಡಿಸಿದಂಥ ದಾರಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಎಲ್ರಾಯ್–ಸ್ಪಾರ್ಟಾ ನಡುವಿನ ಹಳೆಯ ರೈಲುದಾರಿ 1967ರಲ್ಲೇ ಸೈಕಲ್ ದಾರಿಯಾಯಿತು. ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ, ಗ್ರೋನ್ ನದಿಯ ಕಣಿವೆಯಲ್ಲಿರುವ ಕ್ಲೂನಿ ಊರಿಗೆ ಜಿವ್ರಿಯಿಂದ ಬರುತ್ತಿದ್ದ ರೈಲಿನ ಹಾದಿ 1997ರಲ್ಲಿ 44 ಕಿಲೋಮೀಟರಿನ 'ವ್ವಾ ವೆರ್ತ್' ಆಯಿತು. ಹಾಗೆಂದರೆ ಹಸಿರು ದಾರಿ. ದ್ರಾಕ್ಷಿ ತೋಟಗಳ ನಡುವೆ ಮಕ್ಕಳು, ಮುದುಕರು ನಿಶ್ಚಿಂತೆಯಿಂದ ಸೈಕಲ್ ತುಳಿಯುವ ಇಂಥ ದಾರಿಗಳು ಇಂದು ಆ ದೇಶದ ಉದ್ದಗಲಕ್ಕೂ ಇವೆ. ನಮ್ಮ ರೈಲ್ ಕಾರಿಡಾರ್ ಅದೇ ಕುಟುಂಬಕ್ಕೆ ಸೇರಿದ್ದು. ಆದರೆ ಇದರ ಜಾತಕ ಬಹಳ ತೊಡಕಿನದು.

ಸಿಂಗಪುರಕ್ಕೆ ರೈಲು ಬಂದದ್ದು 1903ರಲ್ಲಿ. ಆ ವರ್ಷ ಜನವರಿಯಲ್ಲಿ ಊರೊಳಗಿನ ಟ್ಯಾಂಕ್ ರೋಡ್‌ನಿಂದ ಬುಕಿಟ್ ತಿಮಾವರೆಗೆ, ಏಪ್ರಿಲ್‌ನಲ್ಲಿ ವುಡ್‌ಲ್ಯಾಂಡ್ಸ್‌ವರೆಗೆ ಗಾಡಿ ಓಡಿತು. ಅಲ್ಲಿಂದ ಮುಂದೆ ಜೊಹೊರ್‌ಗೆ ಹೋಗಲು ದೋಣಿಯೇ ಗತಿ. 1923ರಲ್ಲಿ ಜಲಸಂಧಿಗೆ ಅಡ್ಡಲಾಗಿ ಕಟ್ಟಿದ ಕಾಸ್‌ವೇ ರೈಲಿಗೆ ತೆರೆದ ಮೇಲೆ ಗಾಡಿ ನೇರವಾಗಿ ಮಲಯಾಕ್ಕೆ ದಾಟಿತು. ಹಳಿಯ ಅಗಲ ಒಂದು ಮೀಟರ್. ಬೆಂಗಳೂರು–ಮೈಸೂರು ನಡುವೆ ದಶಕಗಳ ಕಾಲ ಓಡಿದ ಮೀಟರ್ ಗೇಜ್ ಗಾಡಿಯಲ್ಲಿ ಕೂತವರಿಗೆ ಆ ಕಿರಿದಾದ ಡಬ್ಬಿಗಳ ಓಲಾಟ ನೆನಪಿದ್ದೀತು. ಇಲ್ಲಿಯದೂ ಅದೇ ಅಳತೆ.

ಮುಂದೆ ಆಗಲಿದ್ದ ಜಗಳಕ್ಕೆ ಬೀಜ ಬಿದ್ದದ್ದು 1918ರಲ್ಲಿ. ಆ ವರ್ಷದ ಕಾನೂನೊಂದರ ಪ್ರಕಾರ ಸಿಂಗಪುರದ ರೈಲ್ವೆ ಮತ್ತು ಅದರ ನೆಲ ಮಲಯಾದ ರೈಲ್ವೆಯ ಕೈಗೆ ಹೋಯಿತು. ನೆಲದ ಗುತ್ತಿಗೆಯ ಅವಧಿ ಎಷ್ಟು ಗೊತ್ತೇ? 999 ವರ್ಷ! ಆಗ ಎರಡೂ ಕಡೆ ಬ್ರಿಟಿಷರದೇ ಆಳ್ವಿಕೆ. ಎಡಗೈಯಿಂದ ಬಲಗೈಗೆ ಕೊಟ್ಟಂತೆ. ನಡುವೆ ಒಂದು ದಿನ ಗಡಿ ಬರುತ್ತದೆ ಎಂದು ಯಾರೂ ಎಣಿಸಿರಲಿಲ್ಲ.

1932ರಲ್ಲಿ ಬುಕಿಟ್ ತಿಮಾದಿಂದ ದಕ್ಷಿಣಕ್ಕೆ ದಾರಿಯನ್ನೇ ಬದಲಿಸಿದರು. ಊರ ನಡುವಿನ ಟ್ಯಾಂಕ್ ರೋಡ್ ಸಾಲನ್ನು ಬಿಟ್ಟು, ಪಶ್ಚಿಮಕ್ಕೆ ಬಳಸಿ, ಬಂದರಿನ ಪಕ್ಕದ ತಾಂಜೊಂಗ್ ಪಗಾರ್‌ಗೆ ಹೊಸ ಹಳಿ ಹಾಕಿದರು. ಬುಕಿಟ್ ತಿಮಾದಲ್ಲಿ ರಸ್ತೆಗಳ ಮೇಲೆ ಇಂದು ನೀವು ಕಾಣುವ ಎರಡು ಕಪ್ಪು ಉಕ್ಕಿನ ಸೇತುವೆಗಳು ಆ ಕಾಲದವು. ತಾಂಜೊಂಗ್ ಪಗಾರ್ ನಿಲ್ದಾಣದ ಮುಖದ ಮೇಲೆ ನಾಲ್ಕು ಅಮೃತಶಿಲೆಯ ಆಕೃತಿಗಳಿವೆ: ಕೃಷಿ, ವಾಣಿಜ್ಯ, ಸಾರಿಗೆ, ಕೈಗಾರಿಕೆ. ರಬ್ಬರ್ ಮತ್ತು ತವರವನ್ನು ಹಡಗಿಗೆ ಮುಟ್ಟಿಸಲು ಕಟ್ಟಿದ ಸಾಮ್ರಾಜ್ಯದ ಆತ್ಮವಿಶ್ವಾಸ ಆ ಕಲ್ಲಿನಲ್ಲಿದೆ.

ಆ ಆತ್ಮವಿಶ್ವಾಸ ಹತ್ತು ವರ್ಷವೂ ಬಾಳಲಿಲ್ಲ. 1942ರ ಫೆಬ್ರವರಿಯಲ್ಲಿ ಜಪಾನಿ ಸೈನ್ಯ ಬುಕಿಟ್ ತಿಮಾವನ್ನು ಹಿಡಿಯಿತು. ಅದೇ ತಿಂಗಳ 15ರಂದು ಬ್ರಿಟಿಷರು ಶರಣಾಗತಿಗೆ ಸಹಿ ಹಾಕಿದ ಫೋರ್ಡ್ ಕಾರ್ಖಾನೆ ಈ ರೈಲುದಾರಿಗೆ ತೀರ ಹತ್ತಿರದಲ್ಲೇ ಇದೆ. ಆಮೇಲೆ ಇದೇ ಹಳಿಗಳ ಮೇಲೆ ಯುದ್ಧಕೈದಿಗಳನ್ನು ಸಾಮಾನಿನ ಡಬ್ಬಿಗಳಲ್ಲಿ ತುಂಬಿ, ಸಯಾಮ್–ಬರ್ಮಾ ರೈಲುದಾರಿ ಕಟ್ಟಲು ಉತ್ತರಕ್ಕೆ ಸಾಗಿಸಿದರು. ಮಲಯಾದ ರಬ್ಬರ್ ತೋಟಗಳಿಂದ ಹೋದ ಸಾವಿರಾರು ತಮಿಳು ಕೂಲಿಗಳೂ ಆ ರೈಲುದಾರಿಗೆ ಬಲಿಯಾದರು. ನೆರಳಿನಲ್ಲಿ ಆರಾಮವಾಗಿ ಪೆಡಲ್ ತುಳಿಯುವಾಗ ಇದೂ ಒಮ್ಮೆ ನಮ್ಮ ನೆನಪಿಗೆ ಬರಬೇಕು.

ಭಾರತೀಯರ ಇನ್ನೊಂದು ಗುರುತೂ ಈ ದಾರಿಗಿದೆ. ರೈಲ್ವೆಯಲ್ಲಿ ದುಡಿಯುತ್ತಿದ್ದವರಲ್ಲಿ ದಕ್ಷಿಣ ಭಾರತದವರು ಬಹಳ. ಅವರು 1930ರ ದಶಕದಲ್ಲಿ ಕ್ವೀನ್ಸ್‌ವೇ ಬಳಿ, ಹಳಿಯ ಪಕ್ಕದಲ್ಲೇ ಮುನೀಶ್ವರನಿಗೆ ಒಂದು ಪುಟ್ಟ ಗುಡಿ ಕಟ್ಟಿಕೊಂಡರು. ರಸ್ತೆ ಅಗಲವಾದಾಗ ಜಾಗ ಹೋಯಿತು, ಗುಡಿ ಉಳಿಯಿತು. ಇಂದು ಕಾಮನ್‌ವೆಲ್ತ್ ಡ್ರೈವ್‌ನಲ್ಲಿ ಎತ್ತರದ ಮನೆಗಳ ನಡುವೆ ನಿಂತಿರುವ ಶ್ರೀ ಮುನೀಶ್ವರನ್ ದೇವಾಲಯ ಅದೇ.

1965ರಲ್ಲಿ ಸಿಂಗಪುರ ಬೇರೆ ದೇಶವಾಯಿತು. ರೈಲು ಮಾತ್ರ ಮಲೇಷ್ಯಾದ್ದಾಗಿಯೇ ಉಳಿಯಿತು. ಒಂದು ದೇಶದ ಹೊಟ್ಟೆಯೊಳಗೆ ಇನ್ನೊಂದು ದೇಶದ ಉದ್ದನೆಯ ಎಳೆ! ಈ ಗಂಟು ಬಿಡಿಸಲು 1990ರ ನವೆಂಬರ್‌ನಲ್ಲಿ ಒಪ್ಪಂದವೊಂದಕ್ಕೆ ಲೀ ಕ್ವಾನ್ ಯೂ ಮತ್ತು ಮಲೇಷ್ಯಾದ ಹಣಕಾಸು ಸಚಿವ ದೈಮ್ ಜೈನುದ್ದೀನ್ ಸಹಿ ಹಾಕಿದರು. ಆದರೆ ಅದರ ಅರ್ಥವೇನು ಎಂಬುದರ ಮೇಲೆಯೇ ಇಪ್ಪತ್ತು ವರ್ಷ ಹಗ್ಗಜಗ್ಗಾಟ ನಡೆಯಿತು. 1998ರಲ್ಲಿ ಸಿಂಗಪುರ ತನ್ನ ವಲಸೆ ತಪಾಸಣೆಯನ್ನು ವುಡ್‌ಲ್ಯಾಂಡ್ಸ್‌ಗೆ ಸಾಗಿಸಿತು. ಮಲೇಷ್ಯಾ ತಾಂಜೊಂಗ್ ಪಗಾರ್ ಬಿಟ್ಟು ಕದಲಲಿಲ್ಲ. ಪರಿಣಾಮವಾಗಿ ಪ್ರಯಾಣಿಕರು ಸಿಂಗಪುರದಿಂದ ಹೊರಗೆ ಹೋಗುವ ಮೊದಲೇ ಮಲೇಷ್ಯಾದ ತಪಾಸಣೆ ಮುಗಿಸುವ ವಿಚಿತ್ರ ನಡೆಯಿತು.

ಕೊನೆಗೆ 2010ರ ಮೇ ತಿಂಗಳಲ್ಲಿ ಪ್ರಧಾನಿಗಳಾದ ಲೀ ಸಿಯೆನ್ ಲೂಂಗ್ ಮತ್ತು ನಜೀಬ್ ರಜಾಕ್ ರಾಜಿಗೆ ಬಂದರು. ರೈಲ್ವೆ ನೆಲಕ್ಕೆ ಬದಲಾಗಿ ಮರೀನಾ ಸೌತ್ ಮತ್ತು ಓಫಿರ್–ರೋಚರ್ ಪ್ರದೇಶಗಳಲ್ಲಿ ಜಾಗ ಕೊಟ್ಟು, ಎರಡೂ ದೇಶಗಳ ಜಂಟಿ ಕಂಪನಿ ಅಲ್ಲಿ ಕಟ್ಟಡ ಎಬ್ಬಿಸುವುದೆಂದು ತೀರ್ಮಾನವಾಯಿತು. 2011ರ ಜೂನ್ 30ರ ರಾತ್ರಿ ತಾಂಜೊಂಗ್ ಪಗಾರ್‌ನಿಂದ ಕೊನೆಯ ರೈಲು ಹೊರಟಿತು. ನಡೆಸಿದವರು ಸ್ವತಃ ಜೊಹೊರ್‌ನ ಸುಲ್ತಾನ್ ಇಬ್ರಾಹಿಂ. 999 ವರ್ಷದ ಗುತ್ತಿಗೆ ನೂರು ವರ್ಷವೂ ತುಂಬದೆ ಮುಗಿಯಿತು.

ನಿಜವಾದ ಪ್ರಶ್ನೆ ಎದ್ದದ್ದು ಆಮೇಲೆ. ಕೈಗೆ ಬಂದ ನೆಲವನ್ನು ಏನು ಮಾಡುವುದು? ತುಂಡು ತುಂಡಾಗಿ ಮಾರಿದರೆ ರಾಶಿ ಹಣ. ಸಿಂಗಪುರದ ನೇಚರ್ ಸೊಸೈಟಿ 2010ರಲ್ಲೇ ಇದಕ್ಕೆ ಉತ್ತರ ಸಿದ್ಧಮಾಡಿತ್ತು: ತುಂಡು ಮಾಡಬೇಡಿ, ಇಡಿಯಾಗಿ ಹಸಿರು ಕಾರಿಡಾರ್ ಆಗಿ ಉಳಿಸಿ. ಈ ವಾದದ ತಿರುಳನ್ನು ಗಮನಿಸಿ. ಇಂಥ ದಾರಿಯ ಬೆಲೆ ಅದರ ಉದ್ದದಲ್ಲಿದೆ, ಅದು ಕಡಿಯದೆ ಇರುವುದರಲ್ಲಿದೆ. ನಡುವೆ ಎರಡು ಕಡೆ ಕಟ್ಟಡ ಎದ್ದರೆ ಮಿಕ್ಕದ್ದು ಬರೀ ಮೂರು ಸಣ್ಣ ಪಾರ್ಕು. ಹಕ್ಕಿ, ಚಿಟ್ಟೆ, ಮಂಗಗಳಿಗೂ ಒಂದು ಕಾಡಿನಿಂದ ಇನ್ನೊಂದು ಕಾಡಿಗೆ ಹೋಗಲು ಆಗದು. ಒಮ್ಮೆ ಕಡಿದ ದಾರಿಯನ್ನು ಮತ್ತೆ ಕೂಡಿಸುವಷ್ಟು ದುಡ್ಡು ಯಾವ ಸರ್ಕಾರದ ಬಳಿಯೂ ಇರುವುದಿಲ್ಲ.

ಜನ ಸೇರಿದರು. 2011ರ ಜುಲೈಯಲ್ಲಿ ಹಳಿ ಕೀಳುವ ಮೊದಲು ಕೆಲವು ದಿನ ದಾರಿಯನ್ನು ಎಲ್ಲರಿಗೂ ತೆರೆದಾಗ ಸಾವಿರಾರು ಮಂದಿ ಅದರ ಮೇಲೆ ನಡೆದರು. ಸರ್ಕಾರ ಕಿವಿಗೊಟ್ಟಿತು. ಹಳಿಗಳು ಮಲೇಷ್ಯಾಕ್ಕೆ ಮರಳಿದವು, ದಾರಿ ಇಡಿಯಾಗಿ ಉಳಿಯಿತು. ತಾಂಜೊಂಗ್ ಪಗಾರ್ ನಿಲ್ದಾಣ ರಾಷ್ಟ್ರೀಯ ಸ್ಮಾರಕವಾಯಿತು. 2015ರ ಸ್ಪರ್ಧೆಯಲ್ಲಿ ಜಪಾನಿನ ನಿಕ್ಕೆನ್ ಸೆಕ್ಕೆಯ್ ತಂಡದ ನಕ್ಷೆ ಗೆದ್ದಿತು. 2021ರಲ್ಲಿ ಮಧ್ಯಭಾಗ, 2022ರಲ್ಲಿ ಬುಕಿಟ್ ತಿಮಾ ನಿಲ್ದಾಣ, ಹೀಗೆ ಕೆಲಸ ಹಂತಹಂತವಾಗಿ ನಡೆಯಿತು.

ನಮ್ಮ ನಾಡಿನ ಮಾತು ಬಾರದೆ ಈ ಕಥೆ ಮುಗಿಯದು. ಹಾಸನ–ಮಂಗಳೂರು ಮೀಟರ್ ಗೇಜ್ ಸಾಲನ್ನು ಬ್ರಾಡ್ ಗೇಜ್ ಮಾಡಲೆಂದು 1996ರಲ್ಲಿ ರೈಲು ನಿಲ್ಲಿಸಿದ್ದು, ಹತ್ತು ವರ್ಷ ದಾರಿ ಬಿಕೋ ಎಂದದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ದೋಣಿಗಲ್‌ನಿಂದ ಎಡಕುಮೇರಿಗೆ ಸುರಂಗ, ಸೇತುವೆ ದಾಟುತ್ತ ನಡೆದ ಒಂದು ಪೀಳಿಗೆಯೇ ಇದೆ. ಘಟ್ಟವನ್ನು ಕಾರಿನ ಕಿಟಕಿಯಿಂದ ನೋಡುವುದಕ್ಕೂ ಕಾಲ್ನಡಿಗೆಯಲ್ಲಿ ನೋಡುವುದಕ್ಕೂ ಇರುವ ಅಂತರ ಅವರಿಗೆ ತಿಳಿದದ್ದು ಅಲ್ಲಿ. ರೈಲು ಮತ್ತೆ ಬಂತು, ಅದು ಒಳ್ಳೆಯದೇ. ಬೆಂಗಳೂರಿಗೆ ಬಂದರೆ, ವೃಷಭಾವತಿ, ಕೋರಮಂಗಲ, ಹೆಬ್ಬಾಳ ಕಣಿವೆಗಳ ರಾಜಕಾಲುವೆಗಳು ಕೆರೆಯಿಂದ ಕೆರೆಗೆ ನಗರದ ಉದ್ದಕ್ಕೂ ಹರಿದ ದಾರಿಗಳೇ. ಅವೂ ಇಳಿಜಾರು ಹಿಡಿದು ಸಾಗುತ್ತವೆ. ಅವುಗಳ ಬೆಲೆಯೂ ಕಡಿಯದೆ ಇರುವುದರಲ್ಲೇ ಇದೆ. ಒತ್ತುವರಿ ಆದಾಗ ಏನಾಗುತ್ತದೆ ಎಂಬುದನ್ನು ಪ್ರತಿ ಮಳೆಗಾಲವೂ ಹೇಳುತ್ತಿದೆ. ಕೋರಮಂಗಲ ಕಣಿವೆಯ ಕಾಲುವೆಯೊಂದನ್ನು ಶುಚಿ ಮಾಡಿ ಪಕ್ಕದಲ್ಲಿ ಜನ ನಡೆಯುವಂತೆ ಮಾಡುವ ಕೆ-100 ಯೋಜನೆ ಸರಿಯಾದ ದಿಕ್ಕಿನ ಹೆಜ್ಜೆ.

ರೈಲ್ ಕಾರಿಡಾರ್ ನೋಡದವರು ಬುಕಿಟ್ ತಿಮಾ ನಿಲ್ದಾಣದಿಂದ ಶುರುಮಾಡಿ. ಕಪ್ಪು ಸೇತುವೆ ದಾಟಿ ಉತ್ತರಕ್ಕೆ ಹಿಲ್‌ವ್ಯೂ ಕಡೆ ಹೋಗಿ, ಫೋರ್ಡ್ ಕಾರ್ಖಾನೆಯ ವಸ್ತುಸಂಗ್ರಹಾಲಯವನ್ನೂ ನೋಡಿ. ನಡೆಯುವವರಿಗೆ ದಾರಿ ಬಿಡಿ, ಮಂಗಗಳಿಗೆ ತಿಂಡಿ ಹಾಕಬೇಡಿ. ಮಕ್ಕಳು ಜೊತೆಗಿದ್ದರೆ 999 ವರ್ಷದ ಗುತ್ತಿಗೆಯ ಕಥೆ ಹೇಳಿ. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಬಡಾವಣೆಯ ರಾಜಕಾಲುವೆ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಅವರಿಗೆ ತೋರಿಸಲು ಆಗುತ್ತದೆಯೇ, ನೋಡಿ.